ಬೇಟೆನಾಯಿಯನ್ನು ಎಲ್ಲಿ ನಿಲ್ಲಿಸಬೇಕು? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ರೇಂಜರ್‌ಗಳಿಗೆ ಒಂದು ಮಾರ್ಗದರ್ಶಿ

ದಾಳ ಉರುಳಿಸಿ, ಕಥೆಯೊಳಗಿನ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ರೇಂಜರ್ (ಕಾಡು ಬಲ್ಲ ಬೇಟೆಗಾರ) ಪಾತ್ರವನ್ನು ಆರಿಸಿಕೊಂಡವರು ಮೂರನೇ ಲೆವೆಲ್ ತಲುಪಿ ಬೀಸ್ಟ್ ಮಾಸ್ಟರ್ (ಜೊತೆಗಾರ ಪ್ರಾಣಿಯೊಂದಿಗೆ ಹೋರಾಡುವ ರೇಂಜರ್) ಆದ ದಿನ ಮೇಜಿನ ಸುತ್ತ ಹಬ್ಬದ ವಾತಾವರಣ. ಪ್ರಾಣಿಗೆ ಹೆಸರಿಡುತ್ತಾರೆ, ಮೈಬಣ್ಣ ಹೇಳುತ್ತಾರೆ, ಅದಕ್ಕೊಂದು ಪುಟ್ಟ ಗೊಂಬೆ ಹುಡುಕುತ್ತಾರೆ. ಮುಂದಿನ ಕಾಳಗದಲ್ಲಿ ಅದನ್ನು ನೇರವಾಗಿ ಅತಿ ದೊಡ್ಡ ಶತ್ರುವಿನ ಮುಂದೆ ಬಿಡುತ್ತಾರೆ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಪ್ರಾಣಿ ನೆಲಕ್ಕೆ ಬಿದ್ದಿರುತ್ತದೆ. ನಾನೂ ಹೀಗೆ ಎರಡು ಪ್ರಾಣಿಗಳನ್ನು ಕಳೆದುಕೊಂಡಿದ್ದೇನೆ. ದಾಳ ಕೈಕೊಟ್ಟದ್ದು ಅದಕ್ಕೆ ಕಾರಣವಾಗಿರಲಿಲ್ಲ. ನಾನು ಪ್ರಾಣಿಯನ್ನು ಇನ್ನೊಂದು ಕತ್ತಿ ಎಂದು ತಿಳಿದಿದ್ದೆ.

ಆಡು-ಹುಲಿ ಆಟ ಆಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಲ್ಲಿ ಆಡು ಹುಲಿಯನ್ನು ಕಚ್ಚುವುದಿಲ್ಲ, ಗುದ್ದುವುದಿಲ್ಲ. ಸರಿಯಾದ ಮನೆಯಲ್ಲಿ ನಿಂತು ಹುಲಿಯ ದಾರಿ ಕಟ್ಟುತ್ತದೆ. ಜೊತೆಗಾರ ಪ್ರಾಣಿಯ ಬೆಲೆ ಇರುವುದೂ ಅಲ್ಲಿಯೇ. ಅದು ಎಷ್ಟು ಗಾಯ ಮಾಡಿತು ಎಂಬುದಕ್ಕಿಂತ ಯಾವ ಚೌಕದಲ್ಲಿ ನಿಂತಿತ್ತು ಎಂಬುದು ಕಾಳಗವನ್ನು ತಿರುಗಿಸುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮೊದಲು, ನೀವು ಯಾವ ನಿಯಮದಲ್ಲಿ ಆಡುತ್ತಿದ್ದೀರಿ?

ಐದನೇ ಆವೃತ್ತಿ 2014ರಲ್ಲಿ ಬಂದಾಗ ಪ್ರಾಣಿಯಿಂದ ದಾಳಿ ಮಾಡಿಸಲು ರೇಂಜರ್ ತನ್ನ ಇಡೀ ಆಕ್ಷನ್ (ಒಂದು ಸರದಿಯ ಮುಖ್ಯ ಕೆಲಸ) ಖರ್ಚು ಮಾಡಬೇಕಿತ್ತು. ನಾಯಿ ಕಚ್ಚಿದರೆ ನೀವು ಬಾಣ ಬಿಡುವಂತಿರಲಿಲ್ಲ. ಐದನೇ ಲೆವೆಲ್ ತಲುಪಿದ ಮೇಲೆ ಮಾತ್ರ ಜೊತೆಗೆ ಒಂದು ಏಟು ನಿಮಗೂ ಸಿಗುತ್ತಿತ್ತು. ಬೀಸ್ಟ್ ಮಾಸ್ಟರ್ ದುರ್ಬಲ ಎಂಬ ಹೆಸರು ಬಂದದ್ದು ಆಗಲೇ. 2020ರ ಪೂರಕ ನಿಯಮಗಳು ಇದನ್ನು ಬದಲಿಸಿದವು: ಬೋನಸ್ ಆಕ್ಷನ್‌ನಿಂದಲೇ (ಅದೇ ಸರದಿಯ ಚಿಕ್ಕ ಹೆಚ್ಚುವರಿ ಕೆಲಸ) ಪ್ರಾಣಿಗೆ ಆಜ್ಞೆ ಕೊಡಬಹುದು. 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅದನ್ನೇ ಮೂಲ ನಿಯಮವಾಗಿಸಿತು. ನಾನು ಇಲ್ಲಿ ಹೇಳುವ ಲೆಕ್ಕಗಳೆಲ್ಲ 2024ರ ನಿಯಮದವು. ನಿಮ್ಮ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಇನ್ನೂ 2014ರ ಪುಸ್ತಕದಲ್ಲೇ ಆಡಿಸುತ್ತಿದ್ದರೆ, ಹೊಸ ಪ್ರಾಣಿಯನ್ನು ಬಳಸಲು ಬಿಡುವಿರಾ ಎಂದು ಆಟ ಶುರುವಾಗುವ ಮುನ್ನವೇ ಕೇಳಿ. ಬಹುತೇಕ ಡಿಎಂಗಳು ಒಪ್ಪುತ್ತಾರೆ.

ಭೂಮಿ, ಆಕಾಶ, ಸಮುದ್ರ ಎಂದು ಮೂರು ಬಗೆಯ ಪ್ರಾಣಿಗಳಿವೆ. ಅದರ ರೂಪವನ್ನು ನೀವೇ ನಿರ್ಧರಿಸಬಹುದು. ಭೂಮಿಯ ಪ್ರಾಣಿ ತೋಳವಾಗಬಹುದು, ಚಿರತೆಯಾಗಬಹುದು, ಕರಡಿಯಾಗಬಹುದು. ನನ್ನದು ಮುಧೋಳ ನಾಯಿ. ಉದ್ದ ಕಾಲು, ಬಡಕಲು ಸೊಂಟ, ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವ ಜಾತಿ. ನಿಯಮದಲ್ಲಿರುವ 40 ಅಡಿ ವೇಗಕ್ಕೆ ಇದಕ್ಕಿಂತ ಒಪ್ಪುವ ರೂಪ ನನಗೆ ಹೊಳೆಯಲಿಲ್ಲ. ಯಾವ ಪ್ರಾಣಿ ಬೇಕೆಂದು ಇನ್ನೂ ಗೊತ್ತಿಲ್ಲದವರು ಭೂಮಿಯದನ್ನೇ ಆರಿಸಿ. ದೀರ್ಘ ವಿಶ್ರಾಂತಿಯ ನಂತರ ಬೇರೆ ಪ್ರಾಣಿಯನ್ನು ಕರೆಯಬಹುದಾದ್ದರಿಂದ ಈ ಆಯ್ಕೆಯಲ್ಲಿ ಭಯಪಡುವಂಥದ್ದು ಏನೂ ಇಲ್ಲ.

ಎರಡನೆಯದು, ಪ್ರಾಣಿಯ ಅಂಕಿಗಳನ್ನು ಬಾಯಿಪಾಠ ಮಾಡಿ

ಮೂರನೇ ಲೆವೆಲ್‌ನ ರೇಂಜರ್, ವಿಸ್ಡಮ್ (ವಿವೇಕದ ಅಂಕ) +3 ಎಂದುಕೊಳ್ಳೋಣ. ನಿಮ್ಮ ಭೂಮಿಯ ಪ್ರಾಣಿಯ ಆರ್ಮರ್ ಕ್ಲಾಸ್ (ಎಸಿ, ಏಟು ತಗುಲಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕ) 16. ಹಿಟ್ ಪಾಯಿಂಟ್, ಅಂದರೆ ತಾಳಬಲ್ಲ ಗಾಯ, 20 (ಐದು, ಅದಕ್ಕೆ ಪ್ರತಿ ಲೆವೆಲ್‌ಗೆ ಐದರಂತೆ ಕೂಡಿಸಿ). ಏಟು ಹಾಕುವಾಗ ಇಪ್ಪತ್ತು ಮುಖದ ದಾಳಕ್ಕೆ +5. ತಗುಲಿದರೆ ಎಂಟು ಮುಖದ ಒಂದು ದಾಳ ಮತ್ತು ಐದು, ಅಂದರೆ ಸರಾಸರಿ ಒಂಬತ್ತೂವರೆ. ಡೆಕ್ಸ್‌ಟೆರಿಟಿಯೂ (ಚುರುಕುತನದ ಅಂಕ) +3 ಆಗಿದ್ದರೆ ನಿಮ್ಮ ಉದ್ದ ಬಿಲ್ಲಿನ ಸರಾಸರಿ ಏಳೂವರೆ. ಪ್ರಾಣಿಯ ಏಟು ನಿಮ್ಮ ಬಾಣಕ್ಕಿಂತ ಭಾರ. ಇದನ್ನು ನೋಡಿಯೇ ಹೊಸಬರು ಅದನ್ನು ಮುಂಚೂಣಿಗೆ ದೂಡುವುದು.

ಈಗ ಇನ್ನೊಂದು ಬದಿಯನ್ನೂ ನೋಡಿ. ಓಗರ್ ಎಂಬ ದೈತ್ಯನ ದೊಣ್ಣೆ ಏಟು ಸರಾಸರಿ 13. ಅಂಥ ಎರಡು ಬಿದ್ದರೆ ನಿಮ್ಮ ನಾಯಿ ಇಲ್ಲ. ಓಗರ್‌ನ ದಾಳಕ್ಕೆ +6 ಇದೆ, ಎಸಿ 16ರ ಮೇಲೆ ಅದು ತಗುಲುವ ಸಾಧ್ಯತೆ ನೂರಕ್ಕೆ 55. ಆದರೆ ಪ್ರಾಣಿ ಡಾಡ್ಜ್ ಮಾಡುತ್ತಿದ್ದರೆ, ಅಂದರೆ ಏಟು ತಪ್ಪಿಸಿಕೊಳ್ಳುವುದರಲ್ಲೇ ಇದ್ದರೆ, ಓಗರ್ ಎರಡು ದಾಳ ಉರುಳಿಸಿ ಚಿಕ್ಕದನ್ನು ತೆಗೆದುಕೊಳ್ಳಬೇಕು, ಆಗ ಅದೇ ಸಾಧ್ಯತೆ ನೂರಕ್ಕೆ 30ಕ್ಕೆ ಇಳಿಯುತ್ತದೆ.

ಹಲವರು ಓದದೇ ಬಿಡುವ ಸಾಲು ಇಲ್ಲಿದೆ: ನೀವು ಏನೂ ಆಜ್ಞೆ ಕೊಡದಿದ್ದರೆ ಪ್ರಾಣಿ ತಾನಾಗಿಯೇ ಡಾಡ್ಜ್ ಮಾಡುತ್ತದೆ. ಅದರ ಓಡಾಟಕ್ಕೂ ನಿಮ್ಮ ಆಜ್ಞೆ ಬೇಕಿಲ್ಲ. ರಿಯಾಕ್ಷನ್ (ಬೇರೆಯವರ ಸರದಿಯ ನಡುವೆ ಕೊಡುವ ಉತ್ತರ) ಕೂಡ ಅದರದೇ. ಅಂದರೆ ಬೋನಸ್ ಆಕ್ಷನ್ ಬೇರೆ ಕೆಲಸಕ್ಕೆ ಹೋದ ಸುತ್ತಿನಲ್ಲೂ ಪ್ರಾಣಿ ಓಡಿ ಹೋಗಿ ಒಂದು ಬಾಗಿಲಿನಲ್ಲಿ ನಿಲ್ಲಬಹುದು, ಏಟು ತಪ್ಪಿಸಿಕೊಳ್ಳುತ್ತಾ ಇರಬಹುದು, ತನ್ನನ್ನು ದಾಟಿ ಹೋಗುವ ಶತ್ರುವಿಗೆ ಒಂದು ಕಚ್ಚು ಕೊಡಬಹುದು. ಹಿಂದಿನ ಸಾಲಿನಲ್ಲಿ ಮಂತ್ರಗಾರ್ತಿ ನಿಂತಿದ್ದಾಳೆ, ಮುಂದೆ ಐದು ಅಡಿ ಅಗಲದ ಓಣಿ ಇದೆ ಎಂದಾಗ, ಡಾಡ್ಜ್ ಮಾಡುತ್ತಾ ನಿಂತ ನಾಯಿಯಷ್ಟು ಒಳ್ಳೆಯ ಬಾಗಿಲು ಇನ್ನೊಂದಿಲ್ಲ. ಒಂದು ಎಚ್ಚರಿಕೆ: ನಿಮ್ಮದೇ ಕತ್ತಿಯಾಳು ಆ ಓಣಿಯಲ್ಲಿ ಮುಂದೆ ಹೋಗಬೇಕಿದ್ದರೆ ಮೊದಲೇ ಕೇಳಿಕೊಳ್ಳಿ. ಅವನು ಪ್ರಾಣಿಯ ಚೌಕವನ್ನು ದಾಟಬಹುದು, ಅದರಲ್ಲಿ ನಿಲ್ಲುವಂತಿಲ್ಲ.

ಮೂರನೆಯದು, ಮೊದಲು ಬಾಣ, ಆಮೇಲೆ ನಾಯಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಭೂಮಿಯ ಪ್ರಾಣಿಗೆ ನುಗ್ಗುವ ಶಕ್ತಿ ಇದೆ. ಶತ್ರುವಿನತ್ತ ನೇರವಾಗಿ ಕನಿಷ್ಠ 20 ಅಡಿ, ಅಂದರೆ ನಾಲ್ಕು ಚೌಕ, ಓಡಿ ಬಂದು ಏಟು ಹಾಕಿದರೆ ಆರು ಮುಖದ ದಾಳದಷ್ಟು ಹೆಚ್ಚುವರಿ ಗಾಯ ಆಗುತ್ತದೆ, ಶತ್ರು ಲಾರ್ಜ್ ಗಾತ್ರ ಅಥವಾ ಅದಕ್ಕಿಂತ ಚಿಕ್ಕವನಾಗಿದ್ದರೆ ನೆಲಕ್ಕುರುಳುತ್ತಾನೆ. 2024ರ ನಿಯಮದಲ್ಲಿ ಇದಕ್ಕೆ ಸೇವ್ (ದಾಳ ಹಾಕಿ ಪಾರಾಗುವ ಅವಕಾಶ) ಕೂಡ ಇಲ್ಲ. ಓಗರ್ ಕೂಡ ಬೀಳುತ್ತಾನೆ.

ಬಿದ್ದ ಶತ್ರುವಿನ ಮೇಲೆ ಐದು ಅಡಿಯೊಳಗಿಂದ ಏಟು ಹಾಕುವವರಿಗೆ ಅಡ್ವಾಂಟೇಜ್, ಎರಡು ದಾಳದಲ್ಲಿ ದೊಡ್ಡದನ್ನು ತೆಗೆದುಕೊಳ್ಳಬಹುದು. ಆದರೆ ದೂರದಿಂದ ಬಾಣ ಬಿಡುವವರಿಗೆ ಚಿಕ್ಕದನ್ನೇ ತೆಗೆದುಕೊಳ್ಳಬೇಕಾದ ಡಿಸ್‌ಅಡ್ವಾಂಟೇಜ್! ಬಿಲ್ಲುಗಾರ ರೇಂಜರ್ ಮೊದಲು ನಾಯಿಯನ್ನು ಬಿಟ್ಟು ಆಮೇಲೆ ಬಾಣ ಹೂಡಿದರೆ ತನ್ನ ಬಾಣವನ್ನು ತಾನೇ ಹಾಳು ಮಾಡಿಕೊಂಡಂತೆ. ನನ್ನ ಮೊದಲ ತಿಂಗಳುಗಳ ಬಾಣಗಳಲ್ಲಿ ಎಷ್ಟು ಹೀಗೆ ವ್ಯರ್ಥವಾದವೋ. ಪ್ರಾಣಿ ನಿಮ್ಮ ಸರದಿಯಲ್ಲೇ ಆಡುವುದರಿಂದ ಕ್ರಮ ನಿಮ್ಮ ಕೈಯಲ್ಲಿದೆ. ಮೊದಲು ಬಾಣ ಬಿಡಿ, ಶತ್ರು ಇನ್ನೂ ನಿಂತಿರುವಾಗಲೇ. ನಂತರ ಬೋನಸ್ ಆಕ್ಷನ್ ಖರ್ಚು ಮಾಡಿ ನಾಯಿಯನ್ನು ನುಗ್ಗಿಸಿ. ಶತ್ರು ಬಿದ್ದ ಸ್ಥಿತಿಯಲ್ಲಿ ನಿಮ್ಮ ಸರದಿ ಮುಗಿಯಬೇಕು.

ಮುಂದಿನ ಪ್ರಶ್ನೆ: ನಿಮ್ಮ ನಂತರ ಯಾರ ಸರದಿ? ನಿಮ್ಮ ಕತ್ತಿಯಾಳು, ರೋಗ್ (ಕಳ್ಳತನದ ಕೈಚಳಕದ ಪಾತ್ರ), ಇಬ್ಬರೂ ಶತ್ರುವಿಗಿಂತ ಮೊದಲು ಬಂದರೆ ಅದಕ್ಕಿಂತ ಭಾಗ್ಯ ಬೇಕಿಲ್ಲ. +5 ಇರುವ ಯೋಧನಿಗೆ ಎಸಿ 15ರ ಶತ್ರುವಿನ ಮೇಲೆ ಸಾಮಾನ್ಯವಾಗಿ ನೂರಕ್ಕೆ 55 ಸಾಧ್ಯತೆ. ಬಿದ್ದವನ ಮೇಲೆ ಅದೇ ಸುಮಾರು 80. ರೋಗ್ ಪಾತ್ರದವರಿಗೆ ಸ್ನೀಕ್ ಅಟ್ಯಾಕ್ (ಹೆಚ್ಚುವರಿ ಗಾಯ ಮಾಡುವ ಏಟು) ತಾನಾಗಿ ಸಿಗುತ್ತದೆ. ಆದರೆ ನಿಮ್ಮ ಬೆನ್ನಿಗೇ ಶತ್ರುವಿನ ಸರದಿ ಇದ್ದರೆ ಅವನು ಎದ್ದು ನಿಲ್ಲುತ್ತಾನೆ, ಗೆಳೆಯರಿಗೆ ಏನೂ ಸಿಗುವುದಿಲ್ಲ. ಅಂಥ ಕಡೆ ಉರುಳಿಸಲು ಬೇರೆ ಶತ್ರುವನ್ನು ಆರಿಸಿ, ಸರದಿ ತಡವಾಗಿ ಬರುವವನನ್ನು. ಇನಿಶಿಯೇಟಿವ್ ಪಟ್ಟಿಯನ್ನು ಡಿಎಂ ಮಾತ್ರ ನೋಡಬೇಕೆಂದಿಲ್ಲ. ಒಂದು ಸುತ್ತು ಮುಗಿದರೆ ಯಾರು ಯಾವಾಗ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ, ಬರೆದಿಟ್ಟುಕೊಳ್ಳಿ.

ನಿಮ್ಮ ತಂಡದಲ್ಲಿ ಗಟ್ಟಿ ತೋಳಿನ ಯೋಧನಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನಾಯಿ ಉರುಳಿಸಿದವನನ್ನು ಯೋಧ ಹಿಡಿದುಕೊಳ್ಳಲಿ. ಗ್ರ್ಯಾಪಲ್ ಆದವನ ವೇಗ ಸೊನ್ನೆ. ವೇಗವಿಲ್ಲದವನು ಎದ್ದು ನಿಲ್ಲಲಾರ. ಹಿಡಿತ ಬಿಡಿಸಿಕೊಳ್ಳಲು ಅವನ ಒಂದು ಆಕ್ಷನ್ ಹೋಗುತ್ತದೆ, ಅಷ್ಟು ಹೊತ್ತು ಎಲ್ಲರ ಕತ್ತಿಗೂ ಅಡ್ವಾಂಟೇಜ್.

ನಾಲ್ಕನೆಯದು, ನುಗ್ಗಿದ ಮೇಲೆ ಅಲ್ಲೇ ನಿಲ್ಲಬೇಕೇ?

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ. ನಾಯಿಯ ವೇಗ 40 ಅಡಿ. ನುಗ್ಗಲು 20 ಖರ್ಚಾಯಿತು. ಏಟು ಹಾಕಿದ ಮೇಲೂ 20 ಉಳಿದಿದೆ. ಅದು ಬಂದ ದಾರಿಯಲ್ಲೇ ಹಿಂದೆ ಸರಿಯಬಹುದು. ಬಿಟ್ಟು ಹೋಗುವಾಗ ಶತ್ರುವಿಗೆ ಒಂದು ಆಪರ್ಚುನಿಟಿ ಅಟ್ಯಾಕ್ ಸಿಗುತ್ತದೆ ನಿಜ, ಆದರೆ ಅವನು ನೆಲದ ಮೇಲಿದ್ದಾನೆ. ಬಿದ್ದವನು ಹಾಕುವ ಏಟಿಗೆ ಡಿಸ್‌ಅಡ್ವಾಂಟೇಜ್. ಅಷ್ಟೇ ಅಲ್ಲ, ಆ ಏಟಿನೊಂದಿಗೆ ಅವನ ರಿಯಾಕ್ಷನ್ ಮುಗಿಯಿತು. ಅವನ ಪಕ್ಕದಲ್ಲಿ ಸಿಕ್ಕಿಬಿದ್ದಿರುವ ನಿಮ್ಮ ವೈದ್ಯ ಈಗ ಧೈರ್ಯವಾಗಿ ಎದ್ದು ನಡೆಯಬಹುದು.

ಶತ್ರುವಿನ ವೇಗ 30 ಅಡಿ ಎಂದುಕೊಳ್ಳಿ. ಎದ್ದು ನಿಲ್ಲಲು ಅರ್ಧ ವೇಗ ಹೋಗುತ್ತದೆ, ಉಳಿದದ್ದು 15. ನಾಯಿಯನ್ನು ಮುಟ್ಟಲು ಅವನು 20 ಅಡಿ ನಡೆಯಬೇಕು. ಐದು ಅಡಿ ಕಡಿಮೆ ಬಿತ್ತು! ಅವನು ನಾಯಿಯನ್ನು ಹಿಡಿಯಬೇಕೆಂದರೆ ಡ್ಯಾಶ್ ಮಾಡಬೇಕು (ಆಕ್ಷನ್ ಕೊಟ್ಟು ಇನ್ನಷ್ಟು ಓಡಬೇಕು), ಡ್ಯಾಶ್ ಮಾಡಿದರೆ ಹೊಡೆಯಲಾರ. ಮುಂದಿನ ಸುತ್ತಿನಲ್ಲಿ ನಾಯಿ ಮತ್ತೆ ನುಗ್ಗಲು ಬೇಕಾದ ದೂರವೂ ಸಿದ್ಧವಾಗಿರುತ್ತದೆ. ಇದನ್ನು ಮೊದಲ ಸಲ ಚೌಕದ ಹಾಳೆಯ ಮೇಲೆ ಎಣಿಸಿ ನೋಡಿದಾಗ ನನಗೆ ಆದ ಆನಂದ ಹೇಳತೀರದು. ನಮ್ಮ ಬಂಡೀಪುರ, ನಾಗರಹೊಳೆಯ ಸೀಳುನಾಯಿಗಳು ತಮಗಿಂತ ದೊಡ್ಡ ಪ್ರಾಣಿಯನ್ನು ಬೇಟೆಯಾಡುವುದೂ ಹೀಗೆ, ಓಡಿ ಬಂದು ಕಚ್ಚಿ, ಸರಿದು, ಮತ್ತೆ ಇನ್ನೊಂದು ಬದಿಯಿಂದ.

ಓಗರ್‌ನಂಥವರ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಅವನ ವೇಗವೂ 40. ಎದ್ದ ಮೇಲೂ 20 ಅಡಿ ಉಳಿದಿರುತ್ತದೆ, ಬಂದು ಹೊಡೆಯುತ್ತಾನೆ. ಅಂಥವನ ಎದುರು ನಾಯಿ ಹಿಂದೆ ಸರಿಯುವಾಗ ನಡುವೆ ನಿಮ್ಮ ಕತ್ತಿಯಾಳು ಇರುವಂತೆ ನೋಡಿಕೊಳ್ಳಿ.

ಯಾವಾಗ ಹಿಂದೆ ಸರಿಯಬಾರದು? ದೂರದಿಂದ ಬಾಣ ಬಿಡುವ ರೋಗ್ ನಿಮ್ಮ ತಂಡದಲ್ಲಿದ್ದು, ಶತ್ರುವಿನ ಪಕ್ಕದಲ್ಲಿ ಬೇರೆ ಗೆಳೆಯರು ಯಾರೂ ಇಲ್ಲದಿದ್ದರೆ ನಾಯಿ ಅಲ್ಲೇ ಇರಲಿ. ಸ್ನೀಕ್ ಅಟ್ಯಾಕ್‌ಗೆ ಶತ್ರುವಿನ ಐದು ಅಡಿಯೊಳಗೆ ಒಬ್ಬ ಜೊತೆಗಾರ ಬೇಕು, ನಿಮ್ಮ ಪ್ರಾಣಿ ಆ ಲೆಕ್ಕಕ್ಕೆ ಸಲ್ಲುತ್ತದೆ. ಆದರೆ ಆಗ ಉರುಳಿಸಬೇಡಿ, ಬಿದ್ದವನ ಮೇಲೆ ರೋಗ್‌ನ ಬಾಣಕ್ಕೂ ಡಿಸ್‌ಅಡ್ವಾಂಟೇಜ್ ಆಗಿ ಸ್ನೀಕ್ ಅಟ್ಯಾಕ್ ಕೈತಪ್ಪುತ್ತದೆ. ನಾಯಿಯನ್ನು ಸುತ್ತು ಹಾಕಿಸಿ ಪಕ್ಕಕ್ಕೆ ಕಳುಹಿಸಿ. ನೇರ ಓಟವಿಲ್ಲದಿದ್ದರೆ ಶತ್ರು ಉರುಳುವುದಿಲ್ಲ.

ಪ್ರಾಣಿಯನ್ನು ಬಾಣದ ದಾರಿಯಲ್ಲಿ ನಿಲ್ಲಿಸಬೇಡಿ. ನಡುವೆ ಒಂದು ದೇಹವಿದ್ದರೆ ಗುರಿಗೆ ಅರ್ಧ ಮರೆ ಸಿಕ್ಕಂತಾಗಿ ಅವನ ಎಸಿ ಎರಡು ಹೆಚ್ಚುತ್ತದೆ. ನಾಯಿ ಪಕ್ಕದಿಂದ ನುಗ್ಗಲಿ, ನೀವು ಮುಂದಿನಿಂದ ಬಾಣ ಬಿಡಿ.

ಐದನೆಯದು, ಬೋನಸ್ ಆಕ್ಷನ್‌ಗೆ ಇಬ್ಬರು ಹಕ್ಕುದಾರರು

ಒಬ್ಬ ಶತ್ರುವನ್ನು ಗುರುತು ಮಾಡಿ ಅವನಿಗೆ ಹೆಚ್ಚು ಗಾಯ ಮಾಡುವ ಹಂಟರ್ಸ್ ಮಾರ್ಕ್ ಮಂತ್ರ ಹಾಕಲೂ ಬೋನಸ್ ಆಕ್ಷನ್ ಬೇಕು, ಪ್ರಾಣಿಗೆ ಆಜ್ಞೆ ಕೊಡಲೂ ಅದೇ ಬೇಕು. ಮೊದಲ ಸುತ್ತಿನಲ್ಲಿ ಈ ಜಗಳ ಬರುತ್ತದೆ. ಕಾಳಗ ಉದ್ದವಾಗುವಂತಿದ್ದು ಒಬ್ಬ ದೊಡ್ಡ ಶತ್ರು ಇದ್ದರೆ ಮೊದಲು ಮಾರ್ಕ್ ಹಾಕಿ, ಪ್ರಾಣಿ ಡಾಡ್ಜ್ ಮಾಡುತ್ತಾ ಜಾಗ ಹಿಡಿಯಲಿ. ಸಣ್ಣ ಸಣ್ಣ ಶತ್ರುಗಳು ಹಲವರಿದ್ದರೆ ಮಾರ್ಕ್ ಮರೆತುಬಿಡಿ, ನಾಯಿಯನ್ನು ಬಿಡಿ. ಐದನೇ ಲೆವೆಲ್‌ನಲ್ಲಿ ಎರಡು ಏಟು ಸಿಕ್ಕ ಮೇಲೆ ಮೂರನೇ ದಾರಿಯೂ ತೆರೆಯುತ್ತದೆ: ಬೋನಸ್ ಆಕ್ಷನ್‌ನಲ್ಲಿ ಮಾರ್ಕ್, ಒಂದು ಬಾಣ ನಿಮ್ಮದು, ಎರಡನೇ ಏಟನ್ನು ಬಿಟ್ಟುಕೊಟ್ಟು ಅದರ ಬದಲು ನಾಯಿಯಿಂದ ಹೊಡೆಸುವುದು.

ಏಳನೇ ಲೆವೆಲ್ ತಲುಪಿದಾಗ ಆಟವೇ ಬದಲಾಗುತ್ತದೆ. ನೀವು ಆಜ್ಞೆ ಕೊಟ್ಟ ಸುತ್ತಿನಲ್ಲಿ ಪ್ರಾಣಿ ಏಟು ಹಾಕಿ, ತನ್ನದೇ ಬೋನಸ್ ಆಕ್ಷನ್‌ನಲ್ಲಿ ಡ್ಯಾಶ್, ಡಿಸ್‌ಎಂಗೇಜ್, ಡಾಡ್ಜ್ ಅಥವಾ ಹೆಲ್ಪ್ ಕೂಡ ಮಾಡಬಹುದು. ಕಚ್ಚಿ, ಡಿಸ್‌ಎಂಗೇಜ್ ಮಾಡಿ, ಒಂದು ಗೀರೂ ಇಲ್ಲದೆ ಹಿಂದೆ ಬರುತ್ತದೆ. ಅಥವಾ ಕಚ್ಚಿ, ಡಾಡ್ಜ್ ಮಾಡುತ್ತಾ ಅಲ್ಲೇ ನಿಲ್ಲುತ್ತದೆ. ಎರಡನೆಯದನ್ನೇ ನಾನು ಹೆಚ್ಚು ಬಳಸುತ್ತೇನೆ, ಶತ್ರು ಅದನ್ನು ಹೊಡೆಯಲು ಪ್ರಯತ್ನಿಸಿದಷ್ಟೂ ನಮಗೆ ಲಾಭ.

ಆಕಾಶ ಮತ್ತು ಸಮುದ್ರ

ಗಿಡುಗದಂಥ ಆಕಾಶದ ಪ್ರಾಣಿ 60 ಅಡಿ ಹಾರುತ್ತದೆ, ಬಿಟ್ಟು ಹೋಗುವಾಗ ಆಪರ್ಚುನಿಟಿ ಅಟ್ಯಾಕ್ ಬೀಳುವುದಿಲ್ಲ. ಅದರ ಏಟು ಹಗುರ, ಹಿಟ್ ಪಾಯಿಂಟ್ ಕಡಿಮೆ, ಶತ್ರುವನ್ನು ಉರುಳಿಸಲಾರದು. ಹಾಗಾಗಿ ಅದಕ್ಕೆ ಒಂದೇ ಕೆಲಸ ಕೊಡಿ: ಹಿಂದಿನ ಸಾಲಿನ ಮಂತ್ರವಾದಿಯನ್ನು ಕುಕ್ಕುವುದು. ಗಮನ ಹಿಡಿದು ನಡೆಸುವ ಮಂತ್ರಗಳಿರುತ್ತವಲ್ಲ, ಪ್ರತಿ ಗಾಯಕ್ಕೂ ಅವನು ಕನಿಷ್ಠ 10ರ ಸೇವ್ ಮಾಡಬೇಕು, ತಪ್ಪಿದರೆ ಮಂತ್ರ ಕಳಚಿತು. ಎರಡು ಪಾಯಿಂಟ್ ಗಾಯವಾದರೂ ಸೇವ್ ಮಾಡಲೇಬೇಕು. ಶತ್ರುಗಳಲ್ಲಿ ಬಿಲ್ಲುಗಾರರು ಹೆಚ್ಚಿದ್ದರೆ ಗಿಡುಗವನ್ನು ಮೇಲೆ ಬಿಡಬೇಡಿ.

ಸಮುದ್ರದ ಪ್ರಾಣಿ ನೆಲದ ಮೇಲೆ ಐದು ಅಡಿ ಮಾತ್ರ ತೆವಳುತ್ತದೆ. ಹಡಗು, ನದಿ, ಮುಳುಗಿದ ಗುಹೆ ಬಂದಾಗ ಮಾತ್ರ ಅದನ್ನು ಕರೆಯಿರಿ. ಆಗ ಅದು ಏಟಿನ ಜೊತೆಗೇ ಶತ್ರುವನ್ನು ಹಿಡಿದುಕೊಳ್ಳುತ್ತದೆ, ಆಳಕ್ಕೆ ಎಳೆದುಕೊಂಡು ಹೋಗುತ್ತದೆ.

ರೇಂಜರ್ ಅಲ್ಲದ ಮಂತ್ರಗಾರರ ಬಳಿ ಇರುವ ಫೆಮಿಲಿಯರ್ (ಮಂತ್ರದಿಂದ ಕರೆಸಿದ ಪುಟ್ಟ ಜೊತೆಗಾರ) ಗೂಬೆಗೂ ಒಂದು ಮಾತು. ಅದು ದಾಳಿ ಮಾಡುವಂತಿಲ್ಲ, ಒಂದೇ ಹಿಟ್ ಪಾಯಿಂಟ್. ಆದರೆ ಹೆಲ್ಪ್ ಮಾಡಿ ಹಾರಿ ಹೋಗಬಹುದು, ಗೆಳೆಯನ ಮುಂದಿನ ಏಟಿಗೆ ಅಡ್ವಾಂಟೇಜ್ ಬರುತ್ತದೆ. ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ ಎರಡನೇ ಆವೃತ್ತಿ ಆಡುವವರಿಗೆ ಲೆಕ್ಕ ಬೇರೆ: ನಿಮ್ಮ ಮೂರು ಆಕ್ಷನ್‌ಗಳಲ್ಲಿ ಒಂದನ್ನು ಆಜ್ಞೆಗೆ ಕೊಟ್ಟರೆ ಪ್ರಾಣಿಗೆ ಎರಡು ಸಿಗುತ್ತವೆ. ಅಲ್ಲಿ ಒಂದನ್ನು ಓಡಲು ಬಳಸಿ ಶತ್ರುವಿನ ಆ ಬದಿಗೆ ಕಳುಹಿಸಿ. ಇಬ್ಬದಿಯಿಂದ ಸುತ್ತುವರಿದವನ ಎಸಿ ಎರಡು ಇಳಿಯುತ್ತದೆ.

ಕೊನೆಯದಾಗಿ, ಅದನ್ನು ಬದುಕಿಸಿಕೊಳ್ಳುವುದು

ಪ್ರಾಣಿ ಮತ್ತು ನೀವು ಒಂದೇ ಬೆಂಕಿಯ ವರ್ತುಲದಲ್ಲಿ ನಿಲ್ಲಬೇಡಿ. ಫೈರ್‌ಬಾಲ್‌ನ ಅಳತೆ ಸುತ್ತ 20 ಅಡಿ, ಸರಾಸರಿ ಗಾಯ 28. ಐದನೇ ಲೆವೆಲ್‌ನ ನಾಯಿಗೆ ಇರುವುದು 30. ಮಂತ್ರವಾದಿ ಎದುರಿಗಿದ್ದಾನೆ ಎಂದು ಗೊತ್ತಾದರೆ ಒಂದು ಸುತ್ತು ಅದನ್ನು ಡಾಡ್ಜ್ ಮಾಡಲು ಬಿಡಿ, ಡೆಕ್ಸ್‌ಟೆರಿಟಿ ಸೇವ್‌ಗೆ ಅಡ್ವಾಂಟೇಜ್ ಸಿಗುತ್ತದೆ. ನಿಮ್ಮ ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಜೊತೆ ಬೆಳೆಯುವ ಅಂಕ) ಅದರ ಎಲ್ಲ ಸೇವ್‌ಗಳಿಗೂ ಕೂಡುತ್ತದೆ ಎಂಬುದನ್ನು ಮರೆಯಬೇಡಿ, ಅದೂ ಓದದೇ ಬಿಡುವ ಸಾಲು. ಏಯ್ಡ್ ಮಂತ್ರ ಸಿಕ್ಕಾಗ ಮೂವರಲ್ಲಿ ಒಬ್ಬರಾಗಿ ನಾಯಿಯನ್ನು ಸೇರಿಸಿ, ಎಂಟು ಗಂಟೆ ಕಾಲ ಐದು ಹಿಟ್ ಪಾಯಿಂಟ್ ಹೆಚ್ಚು.

ಹಿಟ್ ಪಾಯಿಂಟ್ ಅರ್ಧಕ್ಕಿಂತ ಕಡಿಮೆಯಾದ ಕೂಡಲೇ ನಾನು ನಾಯಿಯನ್ನು ಹಿಂದಕ್ಕೆ ಕರೆಯುತ್ತೇನೆ. ಕೆಲವರು ಇದನ್ನು ಒಪ್ಪುವುದಿಲ್ಲ. ಹೇಗೂ ಮಂತ್ರದಿಂದ ಮರಳಿ ಬರುತ್ತದಲ್ಲ, ಬಲಿ ಕೊಟ್ಟರೇನು ಎನ್ನುತ್ತಾರೆ. ಕಥೆಯಲ್ಲಿ ಒಂದು ಜೀವವನ್ನು ಜೊತೆಗಿಟ್ಟುಕೊಂಡು ಹೀಗೆ ಆಡಲು ನನಗೆ ಮನಸ್ಸಾಗುವುದಿಲ್ಲ, ಮೇಜಿನ ಬೇರೆಯವರಿಗೂ ಅದು ನೋವು ಕೊಡುತ್ತದೆ. ಲೆಕ್ಕದ ದೃಷ್ಟಿಯಿಂದಲೂ ಅದು ತಪ್ಪು. ಪ್ರಾಣಿ ಸತ್ತ ಒಂದು ಗಂಟೆಯೊಳಗೆ ನೀವು ಅದನ್ನು ಮುಟ್ಟಿ ಒಂದು ಆಕ್ಷನ್ ಮತ್ತು ಒಂದು ಸ್ಪೆಲ್ ಸ್ಲಾಟ್ (ಎಣಿಕೆಯಷ್ಟೇ ಇರುವ ಮಂತ್ರಶಕ್ತಿಯ ಪಾಲು) ಖರ್ಚು ಮಾಡಬೇಕು. ಅದು ಎದ್ದೇಳುವುದು ಒಂದು ನಿಮಿಷದ ನಂತರ. ಒಂದು ನಿಮಿಷ ಎಂದರೆ ಹತ್ತು ಸುತ್ತು. ಹತ್ತು ಸುತ್ತು ನಡೆಯುವ ಕಾಳಗ ಅಪರೂಪ. ಆದ್ದರಿಂದ ನಾಯಿ ಬಿದ್ದರೆ ಕಾಳಗದ ನಡುವೆ ಅದರತ್ತ ಓಡಬೇಡಿ. ಒಂದು ಸ್ಲಾಟ್ ಮಾತ್ರ ಮುಟ್ಟದೆ ಉಳಿಸಿಕೊಳ್ಳಿ, ಕೊನೆಯ ಶತ್ರು ಬಿದ್ದ ಮೇಲೆ ಅದರ ಬಳಿ ಹೋಗಿ ಮೈಮೇಲೆ ಕೈಯಿಡಿ, ಆ ಒಂದು ನಿಮಿಷ ಬಾಗಿಲಲ್ಲಿ ಕಾವಲು ನಿಲ್ಲುವಂತೆ ಗೆಳೆಯರಿಗೆ ಹೇಳಿ.